ಕರೆಂಟ್ ಪಂಪ್, ಕೈ ಪಂಪ್, ಬರಿಗೈ: ಎದೆಹಾಲು ತೆಗೆಯೋಕೆ ನಾನು ಮಾಡಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ನಾನು ಈಗ ಬಳಸುತ್ತಿರುವುದು 850 ರೂಪಾಯಿಯ ಕೈ ಪಂಪ್. ಅದಕ್ಕೂ ಮುಂಚೆ 4,600 ಕೊಟ್ಟು ತರಿಸಿದ ಕರೆಂಟ್ ಪಂಪ್ ಬೀರುವಿನ ಮೇಲೆ ಡಬ್ಬಿಯೊಳಗೆ ಕೂತಿದೆ. ಹಾಗಾಗಿ ಇಲ್ಲಿ ನ್ಯಾಯಾಧೀಶರ ತೀರ್ಪು ಹುಡುಕಬೇಡಿ. ದುಡ್ಡು ಕಳೆದುಕೊಂಡವಳ ಮಾತು ಅಂತ ಓದಿಕೊಳ್ಳಿ.

ನನ್ನ ಕಥೆ ಇಷ್ಟು. ಮನೆ ಹಾಸನ, ಕೆಲಸ ಸಕಲೇಶಪುರ. ದಿನಾ ಬಸ್ಸು. ಬೆಳಗ್ಗೆ 8ಕ್ಕೆ ಮನೆ ಬಿಟ್ಟರೆ ಸಂಜೆ ಆರೂವರೆಗೆ ವಾಪಸ್. 26 ವಾರದ ಹೆರಿಗೆ ರಜೆಯಲ್ಲಿ ಮೂರು ವಾರ ಹೆರಿಗೆಗೆ ಮುಂಚೆಯೇ ಖರ್ಚಾಗಿತ್ತು. ಕಾಲು ಊದಿ ಚಪ್ಪಲಿಯೇ ಹಿಡಿಯುತ್ತಿರಲಿಲ್ಲ, ಏನು ಮಾಡೋದು? ಹಾಗಾಗಿ ಕೆಲಸಕ್ಕೆ ಮರಳಿದಾಗ ಮಗಳಿಗೆ ಆರು ತಿಂಗಳು ತುಂಬಲು ಇನ್ನೂ ಮೂರು ವಾರ ಬಾಕಿ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೆ ಏನೂ ಬೇಡ, ನೀರೂ ಬೇಡ ಅಂತ ಆಶಾ ಕಾರ್ಯಕರ್ತೆ ಪ್ರತಿ ಸಲ ಬಂದಾಗಲೂ ಹೇಳಿದ್ದರು. ನನಗೂ ಅದು ಹಟವಾಗಿತ್ತು. ಆ ಮೂರು ವಾರ ದಾಟಿಸಬೇಕು, ಆಮೇಲೆ ರಾಗಿ ಸರಿ ಶುರುವಾದ ಮೇಲೂ ಹಾಲು ನಿಲ್ಲಬಾರದು.

ಮೊದಲು ಬರಿಗೈ. ಇದನ್ನು ಕಲಿಸಿದ್ದು ವಾರ್ಡಿನ ನರ್ಸ್. ಹೆರಿಗೆಯಾದ ಎರಡನೇ ದಿನ ಮಗು ಬಾಯಿಯೇ ಹಾಕುತ್ತಿರಲಿಲ್ಲ, ಬರೀ ನಿದ್ದೆ. ಅವರು ನನ್ನ ಹೆಬ್ಬೆರಳನ್ನು ಮೇಲೆ, ಉಳಿದ ಬೆರಳುಗಳನ್ನು ಕೆಳಗೆ ಇಡಿಸಿದರು, ತೊಟ್ಟಿನಿಂದ ಸುಮಾರು ಒಂದಿಂಚು ಹಿಂದೆ. ಮೊದಲು ಎದೆಗೂಡಿನ ಕಡೆಗೆ ಒತ್ತಬೇಕು, ಆಮೇಲೆ ಬೆರಳು ಕೂಡಿಸಬೇಕು, ಬಿಡಬೇಕು. ತೊಟ್ಟನ್ನು ಎಳೆಯಬಾರದು. ಸ್ವಲ್ಪ ಹೊತ್ತಿಗೆ ಹಳದಿ ಬಣ್ಣದ ಅಂಟಂಟು ಹಾಲು ಹನಿಹನಿಯಾಗಿ ಚಮಚಕ್ಕೆ ಬಿತ್ತು. ಒಂದು ಚಮಚವೂ ತುಂಬಲಿಲ್ಲ. "ಇಷ್ಟೇನಾ?" ಅಂದೆ. "ಅದರ ಹೊಟ್ಟೆಗೆ ಸದ್ಯಕ್ಕೆ ಇಷ್ಟೇ ಸಾಕು ಕಣಮ್ಮ" ಅಂದರು. ಆ ಮೊದಲ ದಿನಗಳಿಗೆ ಬೇರೆ ಯಾವುದೂ ಬೇಡ. ಪಂಪ್ ಹಾಕಿದರೆ ಆ ಹಾಲೆಲ್ಲ ಅದರ ಗೋಡೆಗೇ ಅಂಟಿಕೊಂಡು ಹೋಗುತ್ತೆ.

ಆದರೆ ದಿನಾ ಆಫೀಸಿನಲ್ಲಿ 100 ಮಿಲಿ ತೆಗೆಯೋಕೆ ಬರಿಗೈ ನನಗೆ ಆಗಲಿಲ್ಲ. ಇಪ್ಪತ್ತೈದು ನಿಮಿಷ ಹಿಡಿಯುತ್ತಿತ್ತು, ಮಣಿಕಟ್ಟು ನೋವು ಬೇರೆ. ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವವಳಿಗೆ ಆ ನೋವು ಬೇಕಾ? ಬೇಲೂರು ಕಡೆಯ ನನ್ನ ಗೆಳತಿ ಮಾತ್ರ ಹತ್ತೇ ನಿಮಿಷದಲ್ಲಿ ಲೋಟ ತುಂಬಿಸುತ್ತಾಳೆ. ಕೆಲವರ ಕೈ ಹಾಗಿರುತ್ತೆ.

ಗೆಳತಿ ಅಂದೆನಲ್ಲ, ಆ ಗುಂಪಿನ ಬಗ್ಗೆ ಹೇಳಿಬಿಡುತ್ತೇನೆ. ಪ್ರತಿ ತಿಂಗಳು 9ನೇ ತಾರೀಖು ಗರ್ಭಿಣಿಯರ ತಪಾಸಣೆ ಇರುತ್ತಲ್ಲ, ಆ ಸಾಲಿನಲ್ಲಿ ತಾಯಿ ಕಾರ್ಡ್ ಹಿಡಿದು ನಿಂತು ಪರಿಚಯವಾದ ಐದು ಜನ ನಾವು. ವಾಟ್ಸಾಪ್ ಗುಂಪಿಗೆ "ನಿದ್ದೆಗೆಟ್ಟವರು" ಅಂತ ಹೆಸರು. ರಾತ್ರಿ ಎರಡೂವರೆಗೆ ಮೆಸೇಜ್ ಹಾಕಿದರೂ ಯಾರಾದರೊಬ್ಬರು ಎದ್ದೇ ಇರುತ್ತಾರೆ. ಪಂಪ್ ವಿಷಯದಲ್ಲಿ ನನ್ನನ್ನು ಉಳಿಸಿದ್ದು ಈ ಗುಂಪೇ.

ಕರೆಂಟ್ ಪಂಪ್ ತರಿಸಿದ್ದು ಮಗಳಿಗೆ ನಾಲ್ಕು ತಿಂಗಳಾದಾಗ. ಎರಡೂ ಕಡೆ ಒಟ್ಟಿಗೆ ಎಳೆಯುವಂಥದ್ದು. ಮೊದಲ ತಿಂಗಳು ನಾನೇ ಎಲ್ಲರಿಗೂ ತಗೊಳ್ಳಿ ತಗೊಳ್ಳಿ ಅಂತ ಹೇಳಿದ್ದೆ. ಹದಿನೈದು ನಿಮಿಷಕ್ಕೆ ಎರಡೂ ಕಡೆಯಿಂದ ಸೇರಿ 110 ಮಿಲಿ. ಸದ್ದು ಮಾತ್ರ ಜಾಸ್ತಿ, ಮಿಕ್ಸಿಗೆ ಶೀತ ಆದ ಹಾಗೆ. ಆಫೀಸಿನ ರೆಕಾರ್ಡ್ ರೂಮಿನಲ್ಲಿ ಕಡತಗಳ ಮಧ್ಯೆ ಕೂತು ಅದನ್ನು ಚಾಲೂ ಮಾಡಿದ ಮೊದಲ ದಿನ ಅಟೆಂಡರ್ ಹೊರಗಿಂದ, "ಮೇಡಂ, ಒಳಗೆ ಫ್ಯಾನ್ ಕೆಟ್ಟಿದೆಯಾ?" ಅಂದರು. ನಾನು ಹೂಂ ಅಂದೆ.

ಈಗ ಅಸಲಿ ವಿಷಯಕ್ಕೆ ಬರುತ್ತೇನೆ.

ಕೆಲಸಕ್ಕೆ ಸೇರಿ ಒಂದು ವಾರ ಆಗಿತ್ತು. ಒಂದು ದಿನ 110 ಬರುವ ಜಾಗದಲ್ಲಿ 80 ಬಂತು. ಮಾರನೇ ದಿನ 60. ಆಮೇಲೆ ಎರಡೂ ಕಡೆ ಸೇರಿ 30. ಮೋಟಾರ್ ಮಾತ್ರ ಎಂದಿನ ಹಾಗೇ ಗುರ್ ಅನ್ನುತ್ತಿತ್ತು. ಹಾಗಾಗಿ ಯಂತ್ರದ ಮೇಲೆ ಅನುಮಾನವೇ ಬರಲಿಲ್ಲ. ಅನುಮಾನ ಬಂದದ್ದು ನನ್ನ ಮೇಲೆ. ನನಗೆ ಮಾತ್ರ ಅಲ್ಲ, ಮನೆಯವರಿಗೆಲ್ಲ. "ಬಸ್ಸಲ್ಲಿ ಅಷ್ಟು ದೂರ ಹೋಗಿ ಬಂದ್ರೆ ಹಾಲು ಬತ್ತದೆ ಇನ್ನೇನಾಗುತ್ತೆ?" ಅಂದರು ಅತ್ತೆ. ತವರಿನಿಂದ ಅಮ್ಮ ಮೆಂತ್ಯದ ಹಿಟ್ಟು ಕಳಿಸಿದಳು. ಮೂರು ಹೊತ್ತೂ ಸಬ್ಬಸಿಗೆ ಸೊಪ್ಪು, ಸುಟ್ಟ ಬೆಳ್ಳುಳ್ಳಿ. ಬಸ್ಸಿನಲ್ಲಿ ಪಕ್ಕದವರು ಮುಖ ತಿರುಗಿಸುವಷ್ಟು ಬೆಳ್ಳುಳ್ಳಿ ತಿಂದೆ. ನಾಲ್ಕನೇ ದಿನ ನಮ್ಮನೆಯವರು ಸದ್ದಿಲ್ಲದೆ ಒಂದು ಹಾಲಿನ ಪುಡಿ ಡಬ್ಬ ತಂದು ಅಡುಗೆಮನೆ ಶೆಲ್ಫಿನಲ್ಲಿಟ್ಟರು. ಅವರು ಏನೂ ಅನ್ನಲಿಲ್ಲ. ನಾನು ಬಚ್ಚಲುಮನೆಗೆ ಹೋಗಿ ಅತ್ತೆ.

ವಿಚಿತ್ರ ಏನಂದರೆ, ಮಗಳು ಚೆನ್ನಾಗಿಯೇ ಇದ್ದಳು. ದಿನಕ್ಕೆ ಏಳೆಂಟು ಸಲ ಬಟ್ಟೆ ಒದ್ದೆ. ಅಂಗನವಾಡಿಯಲ್ಲಿ ತೂಗಿಸಿದರೆ ತೂಕವೂ ಏರಿತ್ತು. ಸಂಜೆ ಬಂದು ಎದೆಗೆ ಹಾಕಿಕೊಂಡರೆ ಗಟಗಟ ನುಂಗುವ ಸದ್ದು ಕೇಳುತ್ತಿತ್ತು. ಆಫೀಸಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಎದೆ ಕಟ್ಟಿಕೊಂಡು ಕಲ್ಲಾಗಿರುತ್ತಿತ್ತು. ಬತ್ತಿದ ಎದೆ ಹಾಗೆ ಬಿಗಿಯುತ್ತಾ? ಆ ಪ್ರಶ್ನೆ ಆಗ ನನಗೆ ಹೊಳೆಯಲೇ ಇಲ್ಲ.

ಗುಂಪಿನಲ್ಲಿ ಅಳುವ ಬೊಂಬೆ ಹಾಕಿ ಬರೆದೆ. ಮರುದಿನ ಭಾನುವಾರ ಆಲೂರಿನ ಅಕ್ಕ ಮನೆಗೇ ಬಂದಳು. ಅವಳು ಶಾಲಾ ಟೀಚರ್, ಇದು ಅವಳಿಗೆ ಎರಡನೇ ಮಗು. ಬಂದವಳೇ, "ಪಂಪ್ ತಗೊಂಡ್ಬಾ" ಅಂದಳು. ಲಾಳಿಕೆ ಥರದ ಭಾಗದ ಕೆಳಗೆ ಒಂದು ಪುಟ್ಟ ಬಿಳಿ ರಬ್ಬರ್ ಮೂತಿ ಇರುತ್ತೆ, ಬಾತುಕೋಳಿ ಕೊಕ್ಕಿನ ಹಾಗೆ. ಅದೇ ವಾಲ್ವ್. ಅದನ್ನು ಕಿತ್ತು ಕಿಟಕಿ ಬೆಳಕಿಗೆ ಹಿಡಿದು ಮೆಲ್ಲಗೆ ಅದುಮಿದಳು. ಕೊಕ್ಕಿನ ಒಂದು ಮೂಲೆಯಲ್ಲಿ ಭತ್ತದ ಕಾಳಿನಷ್ಟು ಉದ್ದದ ಸೀಳು. ಇನ್ನೊಂದರ ಕೊಕ್ಕು ಸರಿಯಾಗಿ ಮುಚ್ಚಿಕೊಳ್ಳುತ್ತಲೇ ಇರಲಿಲ್ಲ. "ನಿನ್ ಹಾಲು ಎಲ್ಲೂ ಹೋಗಿಲ್ಲ ಕಣೇ. ಇದು ಹೋಗಿದೆ" ಅಂದಳು.

ಯಂತ್ರ ಎಳೆದಾಗ ಆ ಕೊಕ್ಕು ಮುಚ್ಚಿಕೊಳ್ಳಬೇಕು, ಬಿಟ್ಟಾಗ ತೆರೆದು ಹಾಲು ಬಾಟಲಿಗೆ ಬೀಳಬೇಕು. ಮುಚ್ಚದಿದ್ದರೆ ಗಾಳಿ ಒಳಗೆ ನುಗ್ಗುತ್ತೆ, ಎಳೆತವೇ ಇರಲ್ಲ. ಮೋಟಾರಿಗೆ ಇದೇನೂ ಗೊತ್ತಿಲ್ಲ, ಅದರ ಪಾಡಿಗೆ ಅದು ಸದ್ದು ಮಾಡುತ್ತಿರುತ್ತೆ. ಹರಿದದ್ದು ಹೇಗೆ ಅಂದರೆ, ನಾನೇ. ಪ್ರತಿ ಸಲ ಬಾಟಲಿ ಬ್ರಷ್ಷಿನ ತುದಿಯನ್ನು ಅದರೊಳಗೆ ತೂರಿಸಿ ಶುದ್ಧವಾಗಿ ತೊಳೆಯುತ್ತಿದ್ದೆ. ಅದನ್ನು ಸೋಪುನೀರಲ್ಲಿ ಬೆರಳಿನಿಂದ ಮೆಲ್ಲಗೆ ಉಜ್ಜಬೇಕಂತೆ, ಅಷ್ಟೇ. ಜಾಸ್ತಿ ಬಳಸಿದರೆ ಹಾಗೆಯೇ ಸಡಿಲವೂ ಆಗುತ್ತಂತೆ, ಆಗಾಗ ಬದಲಿಸಬೇಕಂತೆ. ಪಂಪಿನ ಜೊತೆ ಬಂದ ಕಾಗದದಲ್ಲಿ ಇದು ಇತ್ತಾ ಅಂತ ಆಮೇಲೆ ಹುಡುಕಿದೆ. ಇತ್ತು, ಸಾಸಿವೆ ಗಾತ್ರದ ಅಕ್ಷರದಲ್ಲಿ.

ಸರಿ, ಹೊಸ ವಾಲ್ವ್ ತಗೊಂಡರಾಯಿತು ಅಂತ ಸೋಮವಾರ ಸಂಜೆ ಬಸ್ಸಿಳಿದವಳು ಮೆಡಿಕಲ್ ಅಂಗಡಿಗಳನ್ನು ಸುತ್ತಿದೆ. ಎನ್.ಆರ್. ವೃತ್ತದ ಸುತ್ತಮುತ್ತ, ಬಿ.ಎಂ. ರಸ್ತೆಯುದ್ದಕ್ಕೂ, ಒಟ್ಟು ಏಳು ಅಂಗಡಿ. ಹರಿದ ವಾಲ್ವನ್ನು ಅಂಗೈಯಲ್ಲಿಟ್ಟು ತೋರಿಸಿದರೆ ಒಬ್ಬ ಹುಡುಗ, "ಇದು ಕುಕ್ಕರ್ದಾ ಮೇಡಂ?" ಅಂದ. ಆನ್‌ಲೈನ್‌ನಲ್ಲಿ ಜೋಡಿಗೆ 280 ರೂಪಾಯಿ, ಬರಲು ಆರು ದಿನ. ಮಾರಿದವರ ಸಹಾಯವಾಣಿಗೆ ಫೋನ್ ಮಾಡಿದರೆ ರಬ್ಬರ್ ಭಾಗಕ್ಕೆ ಗ್ಯಾರಂಟಿ ಇಲ್ಲ ಅಂದರು. ಆರು ದಿನ ನನ್ನ ಮಗಳು ಏನು ಕುಡಿಯಬೇಕು? ಏಳನೇ ಅಂಗಡಿಯವರು, "ವಾಲ್ವ್ ಇಲ್ಲಮ್ಮ, ಕೈಯಲ್ಲಿ ಒತ್ತೋ ಪಂಪ್ ಇದೆ, ಬೇಕಾ?" ಅಂದರು. ನಾನು ಕೈ ಪಂಪ್ ತಗೊಂಡದ್ದು ಹೀಗೆ, ಬೇರೆ ದಾರಿ ಇಲ್ಲದೆ.

ಮಾರನೇ ದಿನ ರೆಕಾರ್ಡ್ ರೂಮಿನಲ್ಲಿ ಮೊದಲ ಸಲ ಹಿಡಿ ಒತ್ತಿದೆ. ಸಕಲೇಶಪುರದ ಮಳೆ, ಕರೆಂಟ್ ಇರಲಿಲ್ಲ, ಮೊಬೈಲ್ ಬೆಳಕು. ಮೊದಲು ಚಿಕ್ಕ ಚಿಕ್ಕದಾಗಿ ಬೇಗ ಬೇಗ ಒತ್ತಬೇಕು, ಮಗು ಶುರುವಿನಲ್ಲಿ ಚೀಪುವ ಹಾಗೆ. ಹಾಲು ಇಳಿಯೋಕೆ ಶುರುವಾದ ಮೇಲೆ ನಿಧಾನವಾಗಿ, ಉದ್ದಕ್ಕೆ. ಅಮ್ಮ ಹಸು ಕರೆದವಳು, "ಕರು ಬಿಡದೆ ಹಸು ಸೊರೆ ಬಿಡುತ್ತಾ?" ಅನ್ನುತ್ತಿದ್ದಳು. ಅದಕ್ಕೇ ಮಗಳು ನಗುವ ಒಂದು ವಿಡಿಯೋ ಹಾಕಿಕೊಂಡೆ. ಎದೆಯಲ್ಲಿ ಜುಮ್ ಅಂದಿತು, ಬಾಟಲಿಯಲ್ಲಿ ಸಣ್ಣ ಧಾರೆ ಬಿತ್ತು. ಒಂದೇ ಕಡೆಯಿಂದ 70 ಮಿಲಿ. ಅಲ್ಲೇ ಕೂತು ಗುಂಪಿಗೆ ಫೋಟೋ ಕಳಿಸಿದೆ. ಬೇಲೂರಿನವಳು ತೆಂಗಿನಕಾಯಿ ಒಡೆಯುವ ಚಿತ್ರ ಹಾಕಿದಳು.

ಇದರಲ್ಲೂ ಅಂಥದ್ದೇ ವಾಲ್ವ್ ಇದೆ, ಸುಳ್ಳು ಹೇಳಲ್ಲ. ಆದರೆ ಡಬ್ಬಿಯಲ್ಲೇ ಒಂದು ಜಾಸ್ತಿ ಇಟ್ಟಿದ್ದರು. ಇನ್ನೊಂದು ಅನುಕೂಲ ಅಂದರೆ ಎಳೆತ ಕಡಿಮೆಯಾದರೆ ನಿಮ್ಮ ಕೈಗೇ ತಕ್ಷಣ ಗೊತ್ತಾಗುತ್ತೆ, ಹಿಡಿ ಸಡಿಲವಾಗಿ ಆಡುತ್ತೆ. ನಾಲ್ಕು ದಿನ ಬೆಳ್ಳುಳ್ಳಿ ತಿನ್ನಬೇಕಾಗಿಲ್ಲ. ಸದ್ದಿಲ್ಲ, ಚಾರ್ಜ್ ಬೇಡ, ವ್ಯಾನಿಟಿ ಬ್ಯಾಗಿನಲ್ಲಿ ಹಿಡಿಯುತ್ತೆ. ಕೊನೆಯಲ್ಲಿ ಎರಡು ನಿಮಿಷ ಬರಿಗೈಯಲ್ಲಿ ಹಿಂಡಿದರೆ ಇನ್ನೂ 15-20 ಮಿಲಿ ಬರುತ್ತೆ, ನರ್ಸಮ್ಮನ ವಿದ್ಯೆ ಅಲ್ಲಿಗೆ ಉಪಯೋಗ.

ಲಾಳಿಕೆಯ ಅಳತೆ: ಎರಡಕ್ಕೂ ಮುಖ್ಯ. ಕರೆಂಟ್ ಪಂಪಿನ ಜೊತೆ ಬಂದದ್ದು 28 ಮಿ.ಮೀ., ನನಗೆ ದೊಡ್ಡದು, ತೊಟ್ಟಿನ ಸುತ್ತ ಉಜ್ಜಿ ಗಾಯ ಮಾಡಿತ್ತು. ಕೈ ಪಂಪಿನದು 24, ಸರಿಹೋಯಿತು. ರಬ್ಬರ್ ಬುಡ್ಡೆ ಅದುಮುವ ಹಳೇ ಹಾರ್ನ್ ಥರದ ಪಂಪ್: ಬೇಡ, ಬುಡ್ಡೆಯೊಳಗೆ ಹಾಲು ಹೋದರೆ ತೊಳೆಯೋಕೇ ಬರಲ್ಲ.

ತೆಗೆದ ಹಾಲನ್ನು ಮುಚ್ಚಳದ ಬಾಟಲಿಯಲ್ಲಿ ಹಾಕಿ, ಐಸ್ ಪ್ಯಾಕ್ ಇಟ್ಟ ಚೀಲದಲ್ಲಿ ತರುತ್ತೇನೆ. ಹೊರಗೆ ಇಟ್ಟರೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಅಂತ ನಮ್ಮ ಲೆಕ್ಕ. ಫ್ರಿಜ್ಜಿನಲ್ಲಿಟ್ಟ ಹಾಲಿನ ಮೇಲೆ ಕೆನೆ ಬೇರೆಯಾಗಿ ನಿಲ್ಲುತ್ತೆ. ಮೊದಲ ವಾರ ಅತ್ತೆ ಅದನ್ನು ನೋಡಿ ಒಡೆದಿದೆ ಅಂತ 90 ಮಿಲಿ ಸಿಂಕಿಗೆ ಸುರಿದಿದ್ದರು. ಈಗ ಅವರೇ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು, ಮೆಲ್ಲಗೆ ತಿರುಗಿಸಿ ಕೆನೆ ಬೆರೆಸಿ, ನನ್ನವರಿಗೆ ಕುಡಿಸಿದ್ದ ಅದೇ ಬೆಳ್ಳಿ ಒಳಲೆಯಲ್ಲಿ ಮೊಮ್ಮಗಳಿಗೆ ಕುಡಿಸುತ್ತಾರೆ. ಒಲೆಯ ಮೇಲೆ ಕಾಯಿಸಬಾರದು ಅಂತ ಪಕ್ಕದ ಮನೆಯವರಿಗೂ ಪಾಠ ಹೇಳುತ್ತಾರೆ.

ಹಾಗಂತ ಕರೆಂಟ್ ಪಂಪ್ ಯಾರಿಗೂ ಬೇಡ ಅಂತಲ್ಲ. ನಮ್ಮ ಗುಂಪಿನ ಅರಸೀಕೆರೆಯವಳ ಮಗು ಎಂಟನೇ ತಿಂಗಳಿಗೇ ಹುಟ್ಟಿ ಮೂರು ವಾರ ಗಾಜಿನ ಪೆಟ್ಟಿಗೆಯಲ್ಲಿತ್ತು. ಅವಳು ರಾತ್ರಿ ಹಗಲು ಸೇರಿ ದಿನಕ್ಕೆ ಎಂಟು ಸಲ ಹಾಲು ತೆಗೆಯಬೇಕಿತ್ತು. ಹಾಲು ಖಾಲಿಯಾದ ಹಾಗೇ ತಾನೇ ಮತ್ತೆ ತುಂಬೋದು? ಅಷ್ಟು ಸಲ ಹಿಡಿ ಒತ್ತು ಅಂತ ಅವಳಿಗೆ ಹೇಳಿದರೆ ಪಾಪ. ಅವಳಿಗೆ ಕರೆಂಟಿನದೇ ಸರಿ. ನಾನು ದಿನಕ್ಕೆ ಎರಡು ಸಲ, ಹನ್ನೊಂದೂವರೆಗೆ ಒಮ್ಮೆ, ಮೂರಕ್ಕೆ ಒಮ್ಮೆ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಿಡುವು ಕಾನೂನಿನಲ್ಲೇ ಇದೆ. ಕೇಳೋಕೆ ನನಗೆ ಸಂಕೋಚವಿತ್ತು. ಕೇಳಿದೆ, ಕೊಟ್ಟರು. ಈ ಎರಡು ಸಲಕ್ಕೆ, ಈ ಮಳೆಗೆ, ಈ ಬಸ್ಸಿಗೆ, ನನ್ನ ಸಂಬಳಕ್ಕೆ 850ರದ್ದೇ ಸಾಕು.

ಹಾಲಿನ ಪುಡಿ ಡಬ್ಬ ಸೀಲ್ ಒಡೆಯದೆ ವಾಪಸ್ ಅಂಗಡಿಗೆ ಹೋಯಿತು. ಕರೆಂಟ್ ಪಂಪಿನ ಹೊಸ ವಾಲ್ವ್ ಆರು ದಿನ ಅಂದದ್ದು ಒಂಬತ್ತು ದಿನಕ್ಕೆ ಬಂತು. ಹಾಕಿ ನೋಡಿದೆ, ಚೆನ್ನಾಗಿಯೇ ಎಳೆಯಿತು, ಮತ್ತೆ ಡಬ್ಬಿಗೆ ಹಾಕಿಟ್ಟೆ. ಒಬ್ಬರು ಬಳಸಿದ್ದನ್ನು ಇನ್ನೊಬ್ಬರಿಗೆ ಕೊಡಬಾರದು, ಮೋಟಾರಿನೊಳಗೆ ಹಾಲಿನ ಪಸೆ ಹೋಗಿರಬಹುದು ಅಂತಾರೆ, ಹಾಗಾಗಿ ಮಾರುವಂತೆಯೂ ಇಲ್ಲ. ಎರಡನೇದಕ್ಕೆ ಇರಲಿ ಬಿಡು ಅನ್ನುತ್ತಾರೆ ಅತ್ತೆ. ನಾನು ಕೇಳಿಸದ ಹಾಗೆ ಇದ್ದುಬಿಡುತ್ತೇನೆ.

ಅಂದ ಹಾಗೆ, ಹಾಸನದಲ್ಲಿ ಕೈ ಪಂಪಿನ ವಾಲ್ವ್ ಬಿಡಿಯಾಗಿ ಸಿಗುವ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಡಬ್ಬಿಯಲ್ಲಿದ್ದ ಆ ಇನ್ನೊಂದನ್ನು ಮೊನ್ನೆ ಆಲೂರಿನ ಅಕ್ಕ ತಗೊಂಡು ಹೋದಳು.