ಕಕ್ಕಡದ ಮಳೆಗೆ ಯಾವ ಪೈಪು ತಂಬಾಕು?

ಕಕ್ಕಡ ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು, ಕೊಡಗಿನಲ್ಲಿ ಜೋರು ಮಳೆಯ ಕಾಲ. ಆ ತೇವಕ್ಕೆ ಅಮೆರಿಕದ ಅಗ್ಗದ ಪೈಪು ತಂಬಾಕುಗಳಲ್ಲಿ ಯಾವುದು ಒಗ್ಗುತ್ತದೆ ಎಂಬುದು ಇಲ್ಲಿನ ಪ್ರಶ್ನೆ. ಅಮೆರಿಕದಲ್ಲಿ ಇವಕ್ಕೆ ‘ಡ್ರಗ್‌ಸ್ಟೋರ್ ತಂಬಾಕು’ ಎಂದು ಹೆಸರು. ಜ್ವರದ ಮಾತ್ರೆ ಮಾರುವ ಅಂಗಡಿಯಲ್ಲೇ ತಂಬಾಕೂ ಸಿಗುತ್ತಿತ್ತು. ಅಲ್ಲಿನ ದೊಡ್ಡ ಔಷಧಿ ಅಂಗಡಿ ಸಾಲು ಸಿವಿಎಸ್ ತಂಬಾಕು ಮಾರುವುದನ್ನು ನಿಲ್ಲಿಸಿದ್ದು 2014ರಲ್ಲಿ. ಪ್ರಿನ್ಸ್ ಆಲ್ಬರ್ಟ್, ಕಾರ್ಟರ್ ಹಾಲ್, ಸರ್ ವಾಲ್ಟರ್ ರ‍್ಯಾಲಿ, ಹಾಫ್ ಅಂಡ್ ಹಾಫ್, ಕ್ಯಾಪ್ಟನ್ ಬ್ಲ್ಯಾಕ್ ಎಲ್ಲವೂ ಈ ಜಾತಿಯವು. ಅಲ್ಲಿ ಅಗ್ಗ, ಇಲ್ಲಿಗೆ ಬರುವಷ್ಟರಲ್ಲಿ ಸುಂಕ ಸೇರಿ ಅಗ್ಗವೆಂಬ ಮಾತು ಅರ್ಧ ಸುಳ್ಳಾಗುತ್ತದೆ. ಕೊಡಗಿನ ಬಹುಪಾಲು ಪೈಪಿನವರಿಗೆ ಇದು ತಲುಪುವುದು ವಿದೇಶದಿಂದ ರಜೆಗೆ ಬರುವ ನೆಂಟರ ಸೂಟ್‌ಕೇಸಿನಲ್ಲಿ. ಸುಂಕವಿಲ್ಲದೆ ತರಬಹುದಾದದ್ದು 125 ಗ್ರಾಂ. ಒಂದೂವರೆ ಔನ್ಸಿನ ಒಂದು ಪೊಟ್ಟಣ 42.5 ಗ್ರಾಂ, ಮೂರಾದರೆ 127.5. ಎರಡೂವರೆ ಗ್ರಾಂ ಹೆಚ್ಚು! ಎರಡೇ ಹೇಳಿಕಳಿಸಿ. 14 ಔನ್ಸಿನ ಡಬ್ಬ ಸುಮಾರು 397 ಗ್ರಾಂ, ಅದರ ಆಸೆ ಬೇಡ.

ಕುಶಾಲನಗರ ದಾಟಿ ಪಿರಿಯಾಪಟ್ಟಣ, ಹುಣಸೂರಿನ ಕಡೆ ಹೋದರೆ ಕಾಣುವ ಬ್ಯಾರನ್‌ಗಳಲ್ಲಿ, ಅಂದರೆ ತಂಬಾಕು ಹದ ಮಾಡುವ ಮನೆಗಳಲ್ಲಿ, ಬೇಯುವುದು ವರ್ಜಿನಿಯಾ ಎಲೆ. ಬಿಸಿಗೆ ಬೇಗ ಹದವಾಗುವುದರಿಂದ ಅದರ ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ಡ್ರಗ್‌ಸ್ಟೋರ್ ತಂಬಾಕಿನ ಬೆನ್ನೆಲುಬು ಬರ್ಲಿ ಎಂಬ ಇನ್ನೊಂದು ಜಾತಿಯ ಎಲೆ. ಅದನ್ನು ಚಪ್ಪರದ ನೆರಳಲ್ಲಿ ವಾರಗಟ್ಟಲೆ ಗಾಳಿಗೆ ಒಣಗಿಸುತ್ತಾರೆ. ಅಷ್ಟು ದಿನದಲ್ಲಿ ಎಲೆ ತನ್ನ ಸಕ್ಕರೆಯನ್ನು ತಾನೇ ತಿಂದು ಮುಗಿಸುತ್ತದೆ. ಹಾಗಾಗಿ ಸಿಹಿ ಕಡಿಮೆ, ಹುರಿದ ಕಡಲೆಬೀಜದ ಸಿಪ್ಪೆಯಂಥ ವಾಸನೆ. ಎಲೆ ಸ್ಪಂಜಿನ ಹಾಗೆ; ಕೋಕೋ, ರಮ್, ಜೇಷ್ಠಮಧು ಏನು ಸವರಿದರೂ ಹೀರಿಕೊಳ್ಳುತ್ತದೆ. ತೊಂದರೆಯೆಂದರೆ ಮಡಿಕೇರಿಯ ಮಂಜನ್ನೂ ಹೀರಿಕೊಳ್ಳುತ್ತದೆ.

ನಮ್ಮ ಹವೆಗೆ ಮೊದಲ ಸ್ಥಾನ ಪ್ರಿನ್ಸ್ ಆಲ್ಬರ್ಟ್‌ಗೆ. ಮಾರುಕಟ್ಟೆಗೆ ಬಂದದ್ದು 1907ರಲ್ಲಿ. ಎಳೆ ಎಳೆಯಾಗಿರದೆ ಪುಟ್ಟ ಪುಟ್ಟ ಸುಕ್ಕು ತುಂಡುಗಳಾಗಿರುವುದೇ ಇದರ ಗುಟ್ಟು. ತುಂಡು ಚಿಕ್ಕದಾದ್ದರಿಂದ ತೇವ ಬೇಗ ಹಿಡಿಯುತ್ತದೆ ನಿಜ, ಅಷ್ಟೇ ಬೇಗ ಬಿಡುತ್ತದೆ ಕೂಡ. ಸ್ಟೀಲ್ ತಟ್ಟೆಯಲ್ಲಿ ತೆಳುವಾಗಿ ಹರಡಿ ಟೇಬಲ್ ಲ್ಯಾಂಪಿನ ಬಲ್ಬಿನ ಕೆಳಗೆ ಇಪ್ಪತ್ತು ನಿಮಿಷ ಇಟ್ಟರೆ ಸಾಕು. ಕಕ್ಕಡದಲ್ಲಿ ಫ್ಯಾನಿನ ಕೆಳಗಿಟ್ಟರೆ ಪ್ರಯೋಜನವಿಲ್ಲ. ಒದ್ದೆ ಗಾಳಿಯನ್ನೇ ಅದರ ಮೇಲೆ ಬೀಸಿದಂತಾಗುತ್ತದೆ. ಒಲೆಯ ಮೇಲಿನ ಅಟ್ಟದಲ್ಲಂತೂ ಇಡಲೇಬೇಡಿ, ಆಮೇಲೆ ಪೈಪಿನಲ್ಲಿ ಪಂದಿಕರಿ ಸೇದಬೇಕಾಗುತ್ತದೆ. ಹದ ನೋಡುವುದು ಹೀಗೆ: ಒಂದು ಚಿಟಿಕೆಯನ್ನು ಬೆರಳಲ್ಲಿ ಒತ್ತಿ ಬಿಡಿ. ಉಂಡೆಯಾಗಿ ನಿಂತರೆ ತೇವ ಹೆಚ್ಚು. ಮೆಲ್ಲನೆ ಬಿಚ್ಚಿಕೊಂಡರೆ ಸರಿ. ಪುಡಿಯಾದರೆ ಒಣಗಿದ್ದು ಅತಿಯಾಯಿತು.

ಕಾರ್ಟರ್ ಹಾಲ್ ಬರ್ಲಿಗೆ ವರ್ಜಿನಿಯಾ ಬೆರೆಸಿದ್ದು. ಸ್ವಲ್ಪ ಸಿಹಿ, ಮೊದಲ ದಮ್ಮಿಂದ ಬೂದಿಯವರೆಗೆ ಒಂದೇ ರುಚಿ. ಬೇಸರ ತರಿಸುವಷ್ಟು ಸಭ್ಯ. ಸರ್ ವಾಲ್ಟರ್ ರ‍್ಯಾಲಿ ಅದಕ್ಕಿಂತ ಒಂದು ಕೈ ಗಟ್ಟಿ, ಹಿಂದೆ ಬೆಲ್ಲದ ಪಾಕದ ನೆನಪು. ಹಾಫ್ ಅಂಡ್ ಹಾಫ್‌ನಲ್ಲಿ ಸೋಂಪಿನ ಪರಿಮಳ. ಊಟದ ಮೇಲೆ ಸೋಂಪು ಜಗಿಯುವವರಿಗೆ ಹಿಡಿಸೀತು, ಉಳಿದವರು ಬಿಡಬಹುದು. ಈ ವಾಸನೆ ಪೈಪಿನೊಳಗೆ ಕೂತರೆ ಮುಂದಿನ ಹತ್ತು ಸಲ ಅದೇ ವಾಸನೆ.

ಕ್ಯಾಪ್ಟನ್ ಬ್ಲ್ಯಾಕ್‌ನ ಬಿಳಿ ಪೊಟ್ಟಣದ್ದೇ ಬೇರೆ ಮಾತು. ಕಪ್ಪು ಕ್ಯಾವೆಂಡಿಷ್ (ಆವಿಯಲ್ಲಿ ಬೇಯಿಸಿ ಕಪ್ಪಾಗಿಸಿದ ಎಲೆ), ವೆನಿಲ್ಲಾ. ಪಕ್ಕದಲ್ಲಿ ಕೂತವರು ‘ಎಂಥ ಘಮ’ ಎನ್ನುತ್ತಾರೆ, ಸೇದುವವನ ಬಾಯಿಗೆ ಬರುವುದು ಬಿಸಿ ಆವಿ. ಇಂಥ ಪರಿಮಳದ ತಂಬಾಕು ಒಣಗದಿರಲೆಂದು ಪ್ರೊಪಿಲೀನ್ ಗ್ಲೈಕಾಲ್ ಹಾಕುತ್ತಾರೆ. ಅದು ಗಾಳಿಯ ನೀರನ್ನು ಎಳೆದುಕೊಳ್ಳುವ ವಸ್ತು. ಜುಲೈಯಲ್ಲಿ ಭಾಗಮಂಡಲದಲ್ಲಿ ಪೊಟ್ಟಣ ಬಿಚ್ಚಿಟ್ಟರೆ ಸಂಜೆಗೆ ಕೈಗಂಟುತ್ತದೆ. ಒಂದು ಗಂಟೆ ಬಲ್ಬಿನ ಕೆಳಗಿಟ್ಟರೂ ಪೂರ್ತಿ ಒಣಗುವುದಿಲ್ಲ. ಹಾಗೇ ಹೊತ್ತಿಸಿದರೆ ಅರ್ಧ ದಾರಿಯಲ್ಲಿ ಪೈಪು ಗೊರಗೊರ ಎನ್ನುತ್ತದೆ, ಆರುತ್ತದೆ, ಮತ್ತೆ ಮತ್ತೆ ಹೊತ್ತಿಸಿ ಜೋರಾಗಿ ಎಳೆದರೆ ಆವಿಗೆ ನಾಲಿಗೆಯ ತುದಿ ಸುಡುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ, ಕಾಫಿ ಗಿಡ ಅರಳಿಸುವ ಹೂಮಳೆಗೆ ಕಾಯುವ ಒಣ ದಿನಗಳಲ್ಲಿ, ಲೆಕ್ಕ ತಿರುಗುತ್ತದೆ. ಆಗ ಪ್ರಿನ್ಸ್ ಆಲ್ಬರ್ಟ್ ಎರಡೇ ದಿನಕ್ಕೆ ನಶ್ಯದ ಹಾಗಾಗುತ್ತದೆ, ಕ್ಯಾಪ್ಟನ್ ಮೆತ್ತಗೇ ಇರುತ್ತದೆ.

ತುಂಬುವಾಗ ಸುಕ್ಕು ತುಂಡುಗಳನ್ನು ತುರುಕಬೇಡಿ. ಬಾಯಿಯವರೆಗೆ ಉದುರಿಸಿ, ಪೈಪಿನ ಪಕ್ಕ ಬೆರಳಲ್ಲಿ ತಟ್ಟಿ, ಮೆಲ್ಲಗೆ ಒತ್ತಿ ಅರ್ಧಕ್ಕೆ ಇಳಿಸಿ. ಮತ್ತೆ ತುಂಬಿ ಇನ್ನೊಂದಿಷ್ಟು ಗಟ್ಟಿಯಾಗಿ ಒತ್ತಿ. ಮೂರನೇ ಸಲ ಕೊಂಚ ಗೋಪುರ ಮಾಡಿ ಅಂಚಿನ ಮಟ್ಟಕ್ಕೆ ತನ್ನಿ. ಹೊತ್ತಿಸುವ ಮೊದಲೇ ಎಳೆದು ನೋಡಿ: ಸ್ಟ್ರಾದಲ್ಲಿ ಎಳನೀರು ಎಳೆದಷ್ಟು ತಡೆ ಇರಬೇಕು. ತಡೆ ಹೆಚ್ಚಿದ್ದರೆ ಸುರಿದು ಮೊದಲಿಂದ ತುಂಬಿ, ಕಡ್ಡಿಯಿಂದ ಚುಚ್ಚಿ ಸರಿಮಾಡಲಾಗದು. ಬೆಂಕಿಕಡ್ಡಿ ಗೀರಿದೊಡನೆ ಹಿಡಿಯದೆ ತಲೆಯ ಮದ್ದು ಉರಿದು ಹೋಗಲಿ, ಇಲ್ಲದಿದ್ದರೆ ಗಂಧಕದ ರುಚಿ. ಮೊದಲ ಉರಿಗೆ ತಂಬಾಕು ಉಬ್ಬಿ ಏಳುತ್ತದೆ. ಮೂರಿಂಚಿನ ಮೊಳೆಯ ತಲೆಯಿಂದ ಸಮ ಮಾಡಿ ಎರಡನೇ ಸಲ ಹೊತ್ತಿಸಿ.

ಪೈಪಿಗೆ ಜೋಳದ ದಿಂಡಿನದೇ ಸಾಕು. ಮಿಸೌರಿಯಲ್ಲಿ 1869ರಿಂದ ಮಾಡುತ್ತಿದ್ದಾರೆ. ದಿಂಡು ತೇವ ಹೀರುವುದರಿಂದ ಮಳೆಗಾಲದಲ್ಲಿ ಬ್ರಯರ್ ಮರದ ಪೈಪಿಗಿಂತ ಸಲೀಸು. ಆದರೆ ಸೇದಿದ ಮೇಲೆ ಕ್ಲೀನರ್ ತೂರಿಸಿ ಒರೆಸದೆ ಡ್ರಾಯರಿಗೆ ಹಾಕಿದರೆ ವಾರದೊಳಗೆ ಕೊಳವೆಯಲ್ಲಿ ಬೂಷ್ಟು. ಎರಡು ಪೈಪು ಇಟ್ಟುಕೊಂಡು ಒಂದಕ್ಕೆ ಮೂರು ದಿನ ರಜೆ ಕೊಡಿ. ತಂಬಾಕನ್ನು ರಬ್ಬರ್ ವಾಷರಿನ ಸಣ್ಣ ಗಾಜಿನ ಜಾಡಿಗಳಲ್ಲಿ ಬಾಯಿತನಕ ತುಂಬಿ. ದೊಡ್ಡ ಡಬ್ಬ ತೆರೆದಷ್ಟು ಸಲವೂ ಮಳೆ ಒಳಗೆ ಬರುತ್ತದೆ. ಕಾಚಂಪುಳಿ, ಏಲಕ್ಕಿ, ಕಾಫಿಪುಡಿ ಇರುವ ಕಪಾಟಿನಲ್ಲಿ ಜಾಗ ಬೇಡ. ಜೇಡರ ಬಲೆಯಂಥ ಬಿಳಿ ಕಂಡರೆ ಅದು ಬೂಷ್ಟೇ, ಒಣಗಿಸಿ ಉಳಿಸಲು ಹೋಗದೆ ಇಡೀ ಜಾಡಿ ಎಸೆಯಿರಿ.

ಹೊಗೆ ಎದೆಗೆ ಎಳೆಯುವುದಿಲ್ಲ, ಹಾಗಾಗಿ ಏನೂ ಆಗುವುದಿಲ್ಲ ಎಂಬ ಮಾತು ಕ್ಲಬ್ಬುಗಳಲ್ಲಿ ಕೇಳಿಬರುತ್ತದೆ. ಅದು ತಪ್ಪು. ಬರ್ಲಿಯ ಹೊಗೆ ಕ್ಷಾರಗುಣದ್ದು. ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಸೇರುತ್ತದೆ, ಖಾಲಿ ಹೊಟ್ಟೆಯಲ್ಲಿ ಪ್ರಿನ್ಸ್ ಆಲ್ಬರ್ಟ್ ತಲೆ ತಿರುಗಿಸುವುದು ಅದಕ್ಕೇ. ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯ ಪೈಪಿಗೂ ಇದೆ. ಈಗಾಗಲೇ ಸೇದುವವರು ಮಳೆಗಾಲಕ್ಕೆ ಒಂದೇ ಪೊಟ್ಟಣ ತರಿಸುವುದಾದರೆ ಪ್ರಿನ್ಸ್ ಆಲ್ಬರ್ಟ್ ತರಿಸಿ. ಎರಡನೆಯದು ಕಾರ್ಟರ್ ಹಾಲ್. ಕ್ಯಾಪ್ಟನ್ ಬ್ಲ್ಯಾಕ್ ತರುತ್ತೇನೆಂದು ನೆಂಟರು ಹಟ ಹಿಡಿದರೆ, ಕಾಫಿ ಕೊಯ್ಲು ಮುಗಿದ ಮೇಲೆ ಬರಲು ಹೇಳಿ.