ನಾಲ್ಕು ಕಾಲಿನ ಊರುಗೋಲು: 6 ತಿಂಗಳ ಬಳಕೆಯ ನಂತರ

ಬಲ ಮೊಣಕಾಲಿನ ನೋವಿನಿಂದ ನಡಿಗೆಯ ಹಿಡಿತ ಕಳೆದುಕೊಂಡಿದ್ದ ನನ್ನ ತಾಯಿಯವರಿಗೆಂದು ಕೊಂಡ, ಎತ್ತರ ಹೊಂದಿಸಬಹುದಾದ ಅಲ್ಯೂಮಿನಿಯಂ ಊರುಗೋಲು ಇದು. ಕೈಬಿಟ್ಟರೂ ಬೀಳದೆ ನಿಲ್ಲುವುದೇ ಇದರ ದೊಡ್ಡ ಗುಣ. ಬಿದ್ದ ಕೋಲನ್ನು ಎತ್ತಿಕೊಳ್ಳಲು ಬಗ್ಗುವ ಅಪಾಯ ಇದರಿಂದ ತಪ್ಪಿತು.

ಮೊದಲ ವಾರ ತಪ್ಪು ನಮ್ಮದೇ ಆಗಿತ್ತು. ಎತ್ತರವನ್ನು ಅಂದಾಜಿನ ಮೇಲೆ ಇಟ್ಟಿದ್ದರಿಂದ ಅವರ ಭುಜ ಮೇಲೇರಿ ನೋಯತೊಡಗಿತು. ಪಾದರಕ್ಷೆ ಧರಿಸಿ ನೆಟ್ಟಗೆ ನಿಂತು ತೋಳನ್ನು ಇಳಿಬಿಟ್ಟಾಗ ಹಿಡಿಕೆಯು ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು, ಹಿಡಿದಾಗ ಮೊಣಕೈ ಸುಮಾರು 15ರಿಂದ 20 ಡಿಗ್ರಿ ಬಾಗಿರಬೇಕು ಎಂದು ಫಿಸಿಯೋಥೆರಪಿಸ್ಟ್ ತಿಳಿಸಿದರು. ಕೋಲನ್ನು ನೋವಿರುವ ಕಾಲಿನ ಕಡೆಗಲ್ಲ, ಎಡಗೈಯಲ್ಲಿ ಹಿಡಿಯಬೇಕೆಂದೂ ಅವರೇ ಹೇಳಿದರು. ಅಮ್ಮನನ್ನು ಇದಕ್ಕೆ ಒಪ್ಪಿಸಲು ಎರಡು ದಿನ ಹಿಡಿಯಿತೆನ್ನಿ.

ಮೆಟ್ಟಿಲುಗಳ ಮೇಲೆ ಮಾತ್ರ ಇದು ತೊಡಕೇ. ಅಗಲವಾದ ಬುಡ ಕಿರಿದಾದ ಮೆಟ್ಟಿಲಿನಲ್ಲಿ ಪೂರ್ತಿ ಕೂರುವುದಿಲ್ಲ, ನಾಲ್ಕೂ ತುದಿಗಳು ಒಟ್ಟಿಗೆ ನೆಲ ಮುಟ್ಟದಿದ್ದರೆ ಕೋಲು ಓಲಾಡುತ್ತದೆ. ಸವೆದು ನುಣುಪಾದ ಎರಡು ರಬ್ಬರ್ ತುದಿಗಳನ್ನು ಈಗಾಗಲೇ ಬದಲಿಸಿದ್ದೇವೆ. ಎರಡೂ ಕೈಗಳ ಆಸರೆ ಬೇಕಾದವರಿಗೆ ಇದು ಸಾಲದು, ಅವರು ವಾಕರ್ ನೋಡುವುದೇ ಸರಿ.