ಹಳೇ ಕಾರಿನ ಪ್ಲಾಸ್ಟಿಕ್‌ ಮೇಲಿನ ಬಣ್ಣ ಕೀಳೋಕೆ ಐಪಿಎ: ಎರಡು ವರ್ಷ ಬಳಸಿದ ಮೇಲೆ

ನನ್ನ ಪ್ರೀಮಿಯರ್ 118ಎನ್‌ಇ ಕಾರಿನ ಒಳಗೆ ಹಿಂದಿನ ಮಾಲೀಕರು ಯಾರೋ ಕೈಗೆ ಸಿಕ್ಕ ಪ್ಲಾಸ್ಟಿಕ್‌ಗೆಲ್ಲ ಬೆಳ್ಳಿ ಬಣ್ಣದ ಸ್ಪ್ರೇ ಹೊಡೆಸಿದ್ದರು. ಅದನ್ನು ಕಿತ್ತು ಕೆಳಗಿನ ಅಸಲಿ ಕಪ್ಪು ಕಾಣಿಸಬೇಕಿತ್ತು. ನಮ್ಮ ಬೆಳಗಾವಿಯ ಉದ್ಯಮಬಾಗದ ಮೇಸ್ತ್ರಿಯೊಬ್ಬರು, 'ಥಿನ್ನರ್ ಹಚ್ಚಿ ಒರಸ್ರಿ ಸಾಹೇಬ್ರ, ಎರಡ ನಿಮಿಷದ ಕೆಲಸ ಐತಿ' ಅಂದರು. ಲೋಹದ ಬಾಗಿಲಾದರೆ ಅವರ ಮಾತು ಸರಿ. ಆದರೆ ಒಳಗಿನ ಭಾಗಗಳಲ್ಲಿ ಎಬಿಎಸ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ಜಾಸ್ತಿ. ಥಿನ್ನರ್‌ನಲ್ಲಿರುವ ಅಸಿಟೋನ್‌ನಂಥವು ಎಬಿಎಸ್‌ ಅನ್ನೇ ಕರಗಿಸುತ್ತವೆ. ಬಣ್ಣದ ಜೊತೆ ಡ್ಯಾಶ್‌ಬೋರ್ಡಿನ ತರಿತರಿಯೂ ಹೋಗುತ್ತದೆ.

ಅದಕ್ಕೇ ಐಪಿಎ ತಂದೆ. ಅಂದರೆ ಐಸೋಪ್ರೊಪೈಲ್ ಆಲ್ಕೋಹಾಲ್, 99% ಇರುವುದು. ಮೊಬೈಲ್, ಟಿವಿ ರಿಪೇರಿಯವರು ಸರ್ಕ್ಯೂಟ್ ಬೋರ್ಡ್ ಒರೆಸೋಕೆ ಬಳಸುವುದು ಇದನ್ನೇ. ಔಷಧಿ ಅಂಗಡಿಯ 70% ಬಾಟಲಿ ಬೇಡ. ಅದರಲ್ಲಿ ನೀರು ಜಾಸ್ತಿ, ಬಣ್ಣ ಜಗ್ಗುವುದಿಲ್ಲ.

ಮೊದಲು ಪ್ಲಾಸ್ಟಿಕ್ ಯಾವುದು ಅಂತ ನೋಡಿ. ಹಿಂಬದಿಯಲ್ಲಿ ಎಬಿಎಸ್, ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಅಂತ ಅಚ್ಚೊತ್ತಿದ್ದರೆ ಸುಲಭ. ನನ್ನ ಕಾರಿನ ಭಾಗಗಳಲ್ಲಿ ಗುರುತೇ ಇರಲಿಲ್ಲ. ಕ್ಲಿಪ್, ಸ್ಕ್ರೂ ಬಿಚ್ಚಿ ಬಕೆಟ್ ನೀರಿಗೆ ಹಾಕಿದೆ. ತೇಲಿದರೆ ಬಹುಮಟ್ಟಿಗೆ ಪಿಪಿ, ಮುಳುಗಿದರೆ ಎಬಿಎಸ್ ಇರಬಹುದು ಅಂತ ಹುಷಾರಾಗಿರಬೇಕು. ಏನೇ ಇರಲಿ, ಹಿಂಬದಿಯ ಮೂಲೆಯಲ್ಲಿ ಒಂದು ಹನಿ ಬಿಟ್ಟು ಕಾದು ನೋಡದೆ ಮುಂಬದಿಗೆ ಹಚ್ಚಬೇಡಿ.

ಸುಮ್ನೆ ಬಟ್ಟೆಯಲ್ಲಿ ಒರೆಸಿದರೆ ಐಪಿಎ ಕೆಲಸಕ್ಕೆ ಮುಂಚೆಯೇ ಆರಿಹೋಗುತ್ತದೆ. ಟಿಶ್ಯೂ ನೆನೆಸಿ ಬಣ್ಣದ ಮೇಲೆ ಹಾಸಿ, ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿಡಿ. ಸ್ವಲ್ಪ ಹೊತ್ತಿಗೆ ಬೆಳ್ಳಿ ಬಣ್ಣ ಮೆತ್ತಗಾಗಿ ಸುಕ್ಕುಗಟ್ಟುತ್ತದೆ. ಬಿದಿರಿನ ಕಡ್ಡಿಯಲ್ಲಿ ತಳ್ಳಿದರೆ ಪದರ ಪದರವಾಗಿ ಏಳುತ್ತದೆ. ತರಿಯೊಳಗೆ ಕೂತ ಬಣ್ಣಕ್ಕೆ ಹಳೇ ಹಲ್ಲುಜ್ಜುವ ಬ್ರಷ್ ಬೇಕು. ಗಾಳಿ ಬರುವ ವೆಂಟಿನ ರೆಕ್ಕೆಗಳ ಸಂದಿಗೆ ಬಂದಾಗ ಮಾತ್ರ ತಾಳ್ಮೆ ಹೋಗುತ್ತದೆ, ಅಲ್ಲಿ ಎಷ್ಟು ಉಜ್ಜಿದರೂ ಬೆಳ್ಳಿಯ ಒಂದು ಗೆರೆ ಉಳಿದೇ ಉಳಿಯುತ್ತದೆ.

ಎರಡು ಬೇಸಿಗೆ ಬಿಸಿಲಲ್ಲಿ ನಿಂತ ಮೇಲೂ ಆ ಭಾಗಗಳಲ್ಲಿ ಬಿರುಕಿಲ್ಲ, ಬಿಳಿಚಿಕೊಂಡಿಲ್ಲ. ನಾನು ಐದಕ್ಕೆ ನಾಲ್ಕು ಸ್ಟಾರ್ ಕೊಡುವುದು ಇದಕ್ಕೇ. ಒಂದು ಸ್ಟಾರ್ ಕಳೆದದ್ದು ಹಾರ್ಡನರ್ (ಬಣ್ಣ ಗಟ್ಟಿಯಾಗಿಸುವ ದ್ರವ) ಬೆರೆಸಿ ಹೊಡೆದ 2ಕೆ ಬಣ್ಣದ ಮುಂದೆ ಇದು ಸೋಲುವುದಕ್ಕೆ. ಗೆಳೆಯನ ಕಾಂಟೆಸ್ಸಾ ಕಾರಿನ ಕನ್ಸೋಲ್ ಮೇಲೆ ಅಂಥದ್ದೇ ಬಣ್ಣವಿತ್ತು. ರಾತ್ರಿಯಿಡೀ ನೆನೆಸಿದರೂ ಹೊಳಪು ಕೂಡ ಕಡಿಮೆಯಾಗಲಿಲ್ಲ. ಆಗ ಉಳಿಯುವುದು ನೀರು ಹಾಕಿ ತಿಕ್ಕುವ ಸ್ಯಾಂಡ್‌ಪೇಪರ್, ತರಿಯ ಆಸೆ ಬಿಡಬೇಕು. ಒಣಗಿದ್ದಾಗ ತಿಕ್ಕಲೇಬೇಡಿ. ಮನೆ ಬಣ್ಣಗಳಲ್ಲೇ ವಿಷಕಾರಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮಿತಿ ಜಾರಿಗೆ ಬಂದದ್ದೇ 2017ರಲ್ಲಿ, ಹಳೇ ಕಾರಿನ ಬಣ್ಣದ ಪುಡಿಯಲ್ಲಿ ಏನಿದೆಯೋ ಯಾರು ಬಲ್ಲರು?

ಬ್ರೇಕ್ ಆಯಿಲ್ ಹಚ್ಚಿ ಅನ್ನುವವರೂ ಇದ್ದಾರೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಬಣ್ಣ ಎಬ್ಬಿಸುವುದು ನಿಜ. ಆದರೆ ಜಿಡ್ಡು ತೊಳೆಯೋದೇ ಇನ್ನೊಂದು ಕೆಲಸ, ಒಂದು ಹನಿ ಹೊರಗಿನ ಬಾಡಿಗೆ ಬಿದ್ದರೆ ಅಲ್ಲಿನ ಬಣ್ಣವೂ ಹೋಯಿತು. ಬಣ್ಣದಂಗಡಿಯ ಪೇಂಟ್ ರಿಮೂವರ್‌ನಲ್ಲಿ ಮೆಥಿಲೀನ್ ಕ್ಲೋರೈಡ್ ಇದ್ದರೆ ಪ್ಲಾಸ್ಟಿಕ್ ಹತ್ತಿರವೂ ತರಬೇಡಿ. ಅದರ ಆವಿ ಮನುಷ್ಯರಿಗೂ ಅಪಾಯ.

ಐಪಿಎಯನ್ನೂ ಹಗುರವಾಗಿ ತಗೋಬೇಡಿ. 12 ಡಿಗ್ರಿ ಸುಮಾರಿಗೇ ಇದರ ಆವಿ ಕಿಡಿಗೆ ಹೊತ್ತಿಕೊಳ್ಳುತ್ತದೆ, ಬೆಳಗಾವಿಯ ಚಳಿಗಾಲವೂ ಸಾಮಾನ್ಯವಾಗಿ ಅದಕ್ಕಿಂತ ಬೆಚ್ಚಗೇ. ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತದೆ. ಹಿತ್ತಲಲ್ಲಿ ಕೂತು, ನೈಟ್ರೈಲ್ ಕೈಗವಸು ಹಾಕಿಕೊಂಡು ಮಾಡಿ. ಮೀಟರಿನ ಪಾರದರ್ಶಕ ಗಾಜು ಪ್ಲಾಸ್ಟಿಕ್‌ದಾದರೆ ದೂರವಿಡಿ, ಸಣ್ಣ ಬಿರುಕು ಬಿಡಬಹುದು. ಸ್ವಿಚ್ ಮೇಲಿನ ಬಿಳಿ ಗುರುತುಗಳಿಗೂ ತಾಗಬಾರದು, ಅಳಿಸಿದರೆ ಮತ್ತೆ ಸಿಗುವುದಿಲ್ಲ.

ಇನ್ನು ನಮ್ಮೂರಿನ ಮಳೆ. ಐಪಿಎ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಜುಲೈಯಲ್ಲಿ ಮುಚ್ಚಳ ಸಡಿಲ ಬಿಟ್ಟರೆ 99% ಹಾಗೇ ಉಳಿಯುವುದಿಲ್ಲ. ಸಣ್ಣ ಕ್ಯಾನ್ ತಂದು ಖಾಲಿಯಾದಾಗ ಮತ್ತೆ ತನ್ನಿ, ದೊಡ್ಡ ಕ್ಯಾನ್ ಮನೆಯಲ್ಲಿಟ್ಟುಕೊಳ್ಳುವುದು ಬೇಡ.